ಸ್ಟೋರ್ ರೂಮಿನ ಕಂಪ್ಯೂಟರ್ ಗುಜರಿಗೆ ಬೇಡ

ಮುರಿದ ಬೆಂಚುಗಳ ಹಿಂದೆ ಒಂದು ಹಳೇ 486 ಕಂಪ್ಯೂಟರ್ ಬಿದ್ದಿರುವುದು ನಿಮಗೆಲ್ಲ ಗೊತ್ತು. ಈ ಸಲ ರದ್ದಿ ಪೇಪರಿನ ಜೊತೆ ಅದನ್ನೂ ಗುಜರಿಗೆ ಹಾಕುತ್ತಾರಂತೆ. ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ತೂಕಕ್ಕೆ ಹೋದದ್ದರಲ್ಲಿ ತಾಮ್ರ ಮಾತ್ರ ಉಳಿಯುತ್ತೆ, ಮಿಕ್ಕಿದ್ದು ತಿಪ್ಪೆಗೆ. ಹಳೇ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತೆ, ನೆನಪಿರಲಿ.

"ಮೊಬೈಲ್ ಕಾಲದಲ್ಲಿ ಅದ್ಯಾಕೆ ಬೇಕು?" ಅಂತ ಕೆಲವರು ನಗುತ್ತಾರೆ. ನಿಜ, ಮೊಬೈಲಿನ ಒಂದು ಒಳ್ಳೇ ಫೋಟೋ ಕೂಡ ಒಂದು ಫ್ಲಾಪಿಗೆ ಹಿಡಿಯಲ್ಲ. ಫ್ಲಾಪಿಗೆ 2 ಮುಖ, ಮುಖಕ್ಕೆ 80 ಸುತ್ತು, ಸುತ್ತಿಗೆ 18 ಮನೆ, ಮನೆಗೆ 512 ಬೈಟ್. ಗುಣಿಸಿ ನೋಡಿ, 14,74,560 ಬರುತ್ತೆ. ಒಂದು ಬೈಟಿಗೆ ಒಂದು ಇಂಗ್ಲಿಷ್ ಅಕ್ಷರ. (ಈಗಿನ ಯುಟಿಎಫ್-8 ಲೆಕ್ಕದಲ್ಲಿ ನಮ್ಮ 'ಕ'ಕ್ಕೆ ಮೂರು ಬೈಟ್ ಬೇಕು!) ಮೊಬೈಲಿನೊಳಗೆ ಹೀಗೆ ಎಣಿಸಿ ನೋಡೋಕೆ ಏನು ಸಿಗುತ್ತೆ? ಅದು ಅಂಗಡಿಯಿಂದಲೇ ಎಲ್ಲ ತುಂಬಿಕೊಂಡು ಬಂದಿರುತ್ತೆ.

ವಿಂಡೋಸ್ 95 ಹಾಕೋಣ ಅಂತ ನಮ್ಮ ತರಗತಿಯ ಕೆಲವರ ಆಸೆ. 1995ರಲ್ಲಿ ಅದು 13 ಫ್ಲಾಪಿಗಳಲ್ಲಿ ಬಂದಿತ್ತು. ಹದಿಮೂರರಲ್ಲಿ ಒಂದು ಕೆಟ್ಟಿದ್ದರೂ ಕೆಲಸ ಅರ್ಧಕ್ಕೇ ನಿಲ್ಲುತ್ತೆ. 1994ರ ಎಂಎಸ್-ಡಾಸ್ 6.22ಕ್ಕೆ ಮೂರೇ ಸಾಕು. ಅದು ಸಿಗದಿದ್ದರೆ ಫ್ರೀಡಾಸ್ ಇದೆ, ಕಾಸು ಕೊಡಬೇಕಿಲ್ಲ.

ಡಾಸ್‌ನ ಮೊದಲ ಫ್ಲಾಪಿ ಹಾಕಿ ಆನ್ ಮಾಡಿದರೆ ಅದೇ ಎಲ್ಲ ಮಾಡಲು ಹೊರಡುತ್ತೆ. ಬೇಡ. ಎಫ್3 ಒತ್ತಿ ಹೊರಗೆ ಬಂದು ಒಂದೊಂದೇ ಆಜ್ಞೆಯನ್ನು ನಾವೇ ಕೊಡಬೇಕು. ಎಫ್‌ಡಿಸ್ಕ್ ಅಂದರೆ ಹೊಲಕ್ಕೆ ಬದು ಹಾಕಿದ ಹಾಗೆ. ಒಮ್ಮೆ ಆರಿಸಿ ಹಚ್ಚಿ, ಆಮೇಲೆ ಫಾರ್ಮ್ಯಾಟ್, ಅದು ಉತ್ತು ಸಾಲು ಹೊಡೆದ ಹಾಗೆ. ಕೊನೆಗೆ ಸೆಟಪ್, ಅದೇ ಬಿತ್ತನೆ. ಎರಡನೇ ಫ್ಲಾಪಿ ಹಾಕು, ಮೂರನೇದು ಹಾಕು ಅಂತ ಅದು ಕೇಳುತ್ತೆ, ನಾವು ಹಾಕ್ತೀವಿ. ಕಂಪ್ಯೂಟರ್ ಪಾಠವನ್ನು ಪುಸ್ತಕದಲ್ಲಿ ಓದಿ ಉರು ಹೊಡೆಯೋದಕ್ಕಿಂತ ಇದು ಎಷ್ಟೋ ಮೇಲು.

ಒಂದು ಕೋರಿಕೆ. ಕಪಾಟಿನ ಫ್ಲಾಪಿಗಳನ್ನು ಆಟಕ್ಕೆ ಒಯ್ದವರು ದಯವಿಟ್ಟು ವಾಪಸ್ ತನ್ನಿ. ಸೋನಿ ಕಂಪನಿ 2011ರಲ್ಲೇ ಫ್ಲಾಪಿ ಮಾರೋದು ನಿಲ್ಲಿಸಿತು, ಹೊಸದು ಸಿಗೋದು ಕಷ್ಟ. ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದಿಡಿ. ಆಗ ಅದರಲ್ಲಿರುವುದನ್ನು ಕಂಪ್ಯೂಟರ್ ಅಳಿಸೋಕಾಗಲ್ಲ.

ವಿಜ್ಞಾನದ ಮೇಷ್ಟ್ರು ಮೊದಲು ಬ್ಯಾಟರಿ ನೋಡಬೇಕು. ಅದು ಸೋರಿದ್ದರೆ ಬೋರ್ಡನ್ನೇ ತಿಂದುಹಾಕುತ್ತೆ, ಸತ್ತಿದ್ದರೆ ಹಾರ್ಡ್ ಡಿಸ್ಕಿನ ಅಳತೆಯನ್ನೇ ಯಂತ್ರ ಮರೆತಿರುತ್ತೆ. ಮಾನಿಟರನ್ನು ಮಾತ್ರ ಯಾರೂ ಬಿಚ್ಚಬಾರದು. ಸ್ವಿಚ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತೆ.

ಹೆಡ್‌ಮಾಸ್ಟರ್ ಸಾರ್, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟೋರ್ ರೂಮಿನ ಕೀಲಿ ಕೊಡಿ. ಆಗದೇ ಹೋದರೆ ಪೇಟೆಯಲ್ಲಿ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡೋಣ, ಬಸ್ ಸ್ಟಾಪಿನ ತನಕ ನಾವೇ ಹೊತ್ತು ತರ್ತೀವಿ.

– 9ನೇ ತರಗತಿಯ ವಿದ್ಯಾರ್ಥಿನಿ