ನೆಲದ ಚಿತ್ರದಲ್ಲಿ ಮಣ್ಣೂ ಹುಲ್ಲೂ ಇರಬಾರದೇ?

ನಮ್ಮ ಶಾಲೆಯ ಚಿತ್ರಲೇಖನದ ತರಗತಿಯಲ್ಲಿ ಬಣ್ಣ ಕುಂಚಗಳೊಡನೆ ಮಣ್ಣು, ಒಣಹುಲ್ಲು, ಚಿಂದಿಬಟ್ಟೆ, ಹಳೆಯ ಕಾಗದ ಮೊದಲಾದುವನ್ನು ಉಪಯೋಗಿಸಲು ಅನುಮತಿ ಕೊಟ್ಟಿರುವುದು ಯುಕ್ತವೇ ಎಂದು ಪಾಲಕರಲ್ಲಿ ಕೆಲವರು ಕೇಳಿರುವರು. “ಮಗಳನ್ನು ಚಿತ್ರ ಕಲಿಯಲು ಕಳುಹಿಸಿದೆವೇ ಹೊರತು ಕಸ ಅಂಟಿಸಲು ಅಲ್ಲ” ಎಂದು ಮಹನೀಯರೊಬ್ಬರು ಮುಖಕ್ಕೆದುರಾಗಿಯೇ ಹೇಳಿದರು. ಅವರ ಮಾತಿನಲ್ಲಿ ಕೋಪಕ್ಕಿಂತಲೂ ಮಗಳ ಮೇಲಣ ಕಾಳಜಿಯೇ ಹೆಚ್ಚಾಗಿ ಕಂಡುದರಿಂದ, ಈ ಸಂಚಿಕೆಯಲ್ಲಿ ಉತ್ತರ ಬರೆಯುವುದು ಉಚಿತವೆಂದು ಭಾವಿಸಿದೆನು.

ಪ್ರಕೃತಿದೃಶ್ಯವೊಂದನ್ನು ಬರೆಯಿರೆಂದರೆ ನಮ್ಮ ಬಾಲಿಕೆಯರು ಏನನ್ನು ಬರೆಯುವರೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಎರಡು ಗುಡ್ಡ, ಅವುಗಳ ನಡುವೆ ಉದಯಿಸುವ ಸೂರ್ಯ, ಕೆಳಗೊಂದು ಹೊಳೆ, ದಡದಲ್ಲಿ ಗುಡಿಸಲು, ತೆಂಗಿನಮರ, ನಾಲ್ಕು ಹಕ್ಕಿ. ಬಯಲುಸೀಮೆಯವಳೂ ಇದನ್ನೇ ಬರೆಯುವಳು, ಕರಾವಳಿಯವಳೂ ಇದನ್ನೇ. ಇದು ಅವಳು ಕಂಡ ನೆಲವಲ್ಲ. ಅಕ್ಕನ ಪುಸ್ತಕದಲ್ಲಿ ಕಂಡ ನೆಲ. ಇಂತಹ ಚಿತ್ರಕ್ಕೆ ನಾವೇ ವರ್ಷವರ್ಷವೂ ಅಂಕಗಳನ್ನು ಕೊಡುತ್ತ ಬಂದಿದ್ದೇವೆ!

ಬಣ್ಣದ ಜೊತೆಗೆ ಬೇರೆ ವಸ್ತುಗಳನ್ನು ಸೇರಿಸುವ ಕ್ರಮ ಹೊಸದೇನೂ ಅಲ್ಲ. ೧೯೧೨ರಲ್ಲಿಯೇ ಪಿಕಾಸೋ ತನ್ನ ಚಿತ್ರವೊಂದಕ್ಕೆ ಬೆತ್ತದ ಹೆಣಿಗೆಯನ್ನು ಅಚ್ಚೊತ್ತಿದ ಮೇಣಗಪ್ಪಡದ ತುಂಡನ್ನು ಅಂಟಿಸಿದನು. ಆದರೆ ನೆಲದ ಚಿತ್ರಕ್ಕೆ ಇದರಿಂದ ಏನು ಲಾಭವೆಂಬುದನ್ನು ತಿಳಿಯಬೇಕಾದರೆ ಜರ್ಮನಿಯ ಆನ್ಸೆಲ್ಮ್ ಕೀಫರ್ ಎಂಬವರ ಕೃತಿಗಳನ್ನು ನೋಡತಕ್ಕದ್ದು. ಅವರು ಹುಟ್ಟಿದ್ದು ೧೯೪೫ರ ಮಾರ್ಚಿಯಲ್ಲಿ. ಯುರೋಪಿನ ಯುದ್ಧ ಮುಗಿಯಲು ಇನ್ನೆರಡು ತಿಂಗಳಿತ್ತು. ೧೯೮೨ರಲ್ಲಿ ಅವರು ರಚಿಸಿದ ‘ನ್ಯೂರೆಂಬರ್ಗ್’ ಎಂಬ ಚಿತ್ರ ೧೨ ಅಡಿಗೂ ಮಿಕ್ಕು ಅಗಲ, ೯ ಅಡಿಗೂ ಮಿಕ್ಕು ಎತ್ತರವಾಗಿರುವುದು. ಉತ್ತ ಹೊಲದ ಸಾಲುಗಳು ನಮ್ಮ ಕಾಲಬುಡದಿಂದ ಹೊರಟು ದೂರ ಸಾಗುವವು. ಆಕಾಶಕ್ಕೆ ಮೇಲಂಚಿನಲ್ಲಿ ಅತ್ಯಲ್ಪ ಸ್ಥಳ. ಆ ಕಪ್ಪು ನೆಲದ ಮೇಲೆ ನಿಜವಾದ ಒಣಹುಲ್ಲೇ ಅಂಟಿಕೊಂಡಿರುವುದು. ಮನುಷ್ಯರೊಬ್ಬರೂ ಇಲ್ಲ.

ಆ ಊರು ಯಾವುದು? ೧೯೩೩ರಿಂದ ೧೯೩೮ರವರೆಗೆ ವರ್ಷವರ್ಷವೂ ನಾಜಿಗಳ ಮಹಾಸಭೆಗಳು ನಡೆದದ್ದು ಅಲ್ಲಿ. ಯೆಹೂದ್ಯರ ಪೌರತ್ವವನ್ನು ಕಿತ್ತುಕೊಂಡ ಕಾನೂನುಗಳು ೧೯೩೫ರಲ್ಲಿ ಹೊರಟದ್ದೂ, ಯುದ್ಧಾನಂತರ ನಾಜಿ ಮುಖಂಡರ ವಿಚಾರಣೆ ನಡೆದದ್ದೂ ಅಲ್ಲಿಯೇ. ನಾಜಿಗಳು ರಕ್ತವನ್ನೂ ಮಣ್ಣನ್ನೂ ಒಟ್ಟಿಗೆ ಹೊಗಳಿ, ತಾಯ್ನೆಲದ ಸುಂದರ ಹೊಲಗಳನ್ನೇ ತಮ್ಮ ದ್ವೇಷಕ್ಕೆ ಅಲಂಕಾರವಾಗಿ ಬಳಸಿಕೊಂಡರು. ಹಾಗಿರುವಲ್ಲಿ ಅನಂತರ ಬಂದ ಚಿತ್ರಕಾರನು ಒಂದು ಹೊಲವನ್ನು ಬರಿಯ ಚೆಲುವಿಗಾಗಿ ಬರೆಯುವುದು ಹೇಗೆ? ಹಳದಿ ಬಣ್ಣದಿಂದ ಹುಲ್ಲನ್ನು ಬರೆದಿದ್ದರೆ ನಾವು ಸುಗ್ಗಿಯೆಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ನಿಜವಾದ ಹುಲ್ಲಾದರೋ ಕೊಯ್ದದ್ದು, ಒಣಗಿದ್ದು, ಒಂದು ಕಿಡಿ ತಾಗಿದರೆ ಉರಿಯತಕ್ಕದ್ದು. ಅದನ್ನು ಕಂಡಾಗ ಕಣ್ಣಿಗಿಂತ ಮೊದಲು ಕೈಗೆ ಅರ್ಥವಾಗುವುದು.

ಅಂಟಿಸುವುದರಿಂದ ಕೈಯ ಅಸಾಮರ್ಥ್ಯ ಮುಚ್ಚಿಹೋಗುವುದೆಂದು ನಮ್ಮ ಚಿತ್ರಲೇಖನದ ಉಪಾಧ್ಯಾಯಿನಿಯವರೇ ಆಕ್ಷೇಪಿಸಿದರು. ಅರ್ಧ ಸತ್ಯವೇ. ಕೀಫರರ ಹೊಲದ ಸಾಲುಗಳು ದೂರ ಹೋದಂತೆ ಸರಿಯಾಗಿ ಕಿರಿದಾಗದೆ ಇದ್ದಿದ್ದರೆ ಉಳಿಯುತ್ತಿದ್ದುದು ಹುಲ್ಲಿನ ಬಣವೆ ಮಾತ್ರ. ಆದುದರಿಂದ ನಮ್ಮಲ್ಲಿ ಎಂಟನೆಯ ತರಗತಿ ಮುಗಿಯುವವರೆಗೆ ಪೆನ್ಸಿಲು ಮತ್ತು ಬಣ್ಣ ಮಾತ್ರ; ಅಂಟಿಸುವ ಕೆಲಸ ಒಂಬತ್ತರಲ್ಲಿ. ಇಂತಹ ಚಿತ್ರ ಬಾಳುವುದಿಲ್ಲವೆಂಬ ದೂರೂ ಇದೆ. ನಿಜವೇ, ಹುಲ್ಲು ಕಾಲಕ್ರಮದಲ್ಲಿ ಮುರಿಯುವುದು, ಉದುರುವುದು. ಮಗಳು ತಂದ ಚಿತ್ರದಿಂದ ನಡುಮನೆಯೆಲ್ಲಾ ಮಣ್ಣಾಯಿತೆಂದ ತಾಯಿಗೆ ಮಾತ್ರ ಪೊರಕೆಯ ಹೊರತು ಬೇರೆ ಉತ್ತರ ನನ್ನಲ್ಲಿಲ್ಲ.

ಪರದೇಶದ ಹುಚ್ಚೆನ್ನುವವರು ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರವನ್ನು ನೋಡಲಿ. ಅದು ಪ್ರಕೃತಿದೃಶ್ಯವಲ್ಲ, ಒಪ್ಪುವೆನು. ಆದರೆ ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ! ಬಣ್ಣದ ಅಂಗಡಿಯಿಂದ ಒಂದೂ ಬಂದುದಲ್ಲ. ದುಬಾರಿ ಬಣ್ಣದ ಪೆಟ್ಟಿಗೆ ಕೊಳ್ಳಲಾರದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇರುವರೆಂಬುದನ್ನೂ ಪಾಲಕರು ನೆನೆಯಬೇಕು.

ಈ ವರ್ಷ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ಅಜ್ಜಿಯ ಊರಿನ ಕೆರೆಯನ್ನು ಬರೆದಳು. ಆ ಕೆರೆಯಂಗಳ ಈಗ ಮನೆಕಟ್ಟುವ ನಿವೇಶನಗಳಾಗಿದೆ. ಒಣಗಿ ಬಿರಿದ ಗೋಡುಮಣ್ಣನ್ನು ಹಾಳೆಯ ತುಂಬ ಹತ್ತಿಸಿ, ಸಿಮೆಂಟು ಚೀಲದ ಕಾಗದವನ್ನು ಕತ್ತರಿಸಿ ಮನೆಗಳನ್ನು ಮಾಡಿ, ಒಂದು ಮೂಲೆಯಲ್ಲಿ ಬೆರಳಗಲದಷ್ಟು ಮಾತ್ರ ನೀಲಿ ಬಳಿದಿದ್ದಳು. ಗುಡ್ಡವಿಲ್ಲ, ಸೂರ್ಯನಿಲ್ಲ. ಆಕೆಯ ಅಜ್ಜಿ ಬಂದು ನೋಡಿ, ಆ ನೀಲಿಯ ಪಕ್ಕಕ್ಕೆ ಬೆರಳಿಟ್ಟು, “ಬಟ್ಟೆ ಒಗೆಯುವ ಕಲ್ಲು ಇಲ್ಲಿತ್ತು, ಮಗಾ” ಎಂದರು. ಮಾರನೆಯ ದಿನ ಆ ಸ್ಥಳದಲ್ಲಿ ಒಂದು ಚಿಕ್ಕ ಕಲ್ಲು ಅಂಟಿತ್ತು.

ಈ ಚಿತ್ರಗಳನ್ನೆಲ್ಲ ಶಾಲೆಯ ಮೇಲಂತಸ್ತಿನ ಮೊಗಸಾಲೆಯಲ್ಲಿ ತೂಗಹಾಕಿದೆ. ಪಾಲಕರು ಬಂದು ನೋಡಬೇಕಾಗಿ ಪ್ರಾರ್ಥನೆ. ಬರುವಾಗ ಹಳೆಯ ಗೋಣಿ, ತೆಂಗಿನನಾರು, ಮರಳು ಏನಿದ್ದರೂ ತರಬಹುದು. ಗಾಜಿನ ಚೂರನ್ನೂ ಮುಳ್ಳುತಂತಿಯನ್ನೂ ದಯವಿಟ್ಟು ತರಬಾರದು.