ಅಡುಗೆಮನೆಯ ಮರಕ್ಕೆ ಯಾವ ಲೇಪ?

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅಡುಗೆಮನೆ ಕಟ್ಟಿಸುವವರು ಮರದ ಆಯ್ಕೆಗೆ ವಾರಗಟ್ಟಲೆ ಅಲೆಯುತ್ತಾರೆ. ಅದರ ಮೇಲೆ ಬಳಿಯುವ ಪಾಲಿಶನ್ನು ಮಾತ್ರ ಕೆಲಸಗಾರನ ಇಷ್ಟಕ್ಕೆ ಬಿಡುತ್ತಾರೆ. ಕಡಲು ಹತ್ತಿರವಿರುವ ಈ ಬಡಾವಣೆಯಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಒಲೆಯ ಕಾವಿಗೆ ಕುಗ್ಗುತ್ತದೆ. ಮರವನ್ನು ಉಳಿಸುವುದೂ ಕೆಡಿಸುವುದೂ ಬಹುಮಟ್ಟಿಗೆ ಲೇಪವೇ.

ಅರಗಿನ ಮೇಲೆ ನಮಗೆ ಮಮತೆ ಸಹಜ. ಚನ್ನಪಟ್ಟಣದ ಗೊಂಬೆಗೂ, ಇಲ್ಲಿಂದ ಸುಮಾರು 65 ಕಿಲೋಮೀಟರ್ ದೂರದ ಏಟಿಕೊಪ್ಪಾಕದ ಗೊಂಬೆಗೂ ಮರ ಒಂದೇ: ನಮ್ಮ ಆಲೆಮರವೇ ತೆಲುಗರ ಅಂಕುಡು. ಎರಡೂ ಕಡೆ, ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹಿಡಿಯುತ್ತದೆ. ಗೊಂಬೆಗೆ ವರವಾದ ಈ ಗುಣ ಅಡುಗೆಮನೆಗೆ ದೋಷ. ಸುಮಾರು 75 ಡಿಗ್ರಿ ಸೆಲ್ಸಿಯಸ್‌ಗೆ ಅರಗು ಕರಗತೊಡಗುತ್ತದೆ. ಕುದಿಯುವ ಸಾರಿನ ಬಿಸಿ 100ರ ಆಸುಪಾಸು. ಫ್ರೆಂಚ್ ಪಾಲಿಶ್ ಮಾಡಿದ ಹಲಗೆಯ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿಯ ಬಳೆ ಮೂಡುವುದು ಅದಕ್ಕೇ.

ಕಪಾಟಿನ ಬಾಗಿಲಿಗೆ ಪಾಲಿಯುರಿಥೇನ್ ಒಳ್ಳೆಯದೆಂಬುದು ನನ್ನ ಮತ. ನೀರು, ಎಣ್ಣೆ, ಬಿಸಿಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಕಣ್ಣಿಗೆ ಕಾಣುವ ಮುಖಕ್ಕೆ ಮಾತ್ರ ಬಳಿದರೆ ಕಾಣದ ಬದಿಯಿಂದ ತೇವ ಒಳಸೇರಿ ಹಲಗೆ ಬಾಗುತ್ತದೆ. ಹಿಂಬದಿ, ಅಂಚು, ತಿರುಗಣಿಯ ತೂತು, ಎಲ್ಲಕ್ಕೂ ಬಳಿಯಬೇಕು; ಕೂಲಿ ಕೊಡುವ ಮುನ್ನ ಬಾಗಿಲು ತೆರೆದು ನೋಡಬೇಕು.

ಆಹಾರ ತಾಕುವ ಮರದ ನ್ಯಾಯವೇ ಬೇರೆ. ಊರಿನಿಂದ ತಂದ ಹೋಳಿಗೆಮಣೆಗೂ ಕಪಾಟಿನ ಲೇಪವನ್ನೇ ಬಳಿಸಿದ ತಪ್ಪು ನನ್ನದು. ಲಟ್ಟಣಿಗೆಯ ಒತ್ತಿಗೆ ಅದು ಸಿಪ್ಪೆಯೆದ್ದು ಹಿಟ್ಟಿಗೆ ಅಂಟತೊಡಗಿತು. ಉಜ್ಜಿ ತೆಗೆಸಿದಾಗ ಅಜ್ಜಿಯ ಕೈ ವರ್ಷಗಟ್ಟಲೆ ನಯಗೊಳಿಸಿದ್ದ ಮೈಯೂ ಹೋಯಿತು. ಅದನ್ನು ಯಾವ ಅಂಗಡಿಯೂ ಮರಳಿಸದು.

ಇಂಥ ಮರಕ್ಕೆ ಬೇಕಾದುದು ಗಾಳಿಗೆ ಗಟ್ಟಿಯಾಗುವ ಶುದ್ಧ ಅಗಸೆ ಎಣ್ಣೆ. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ್ದು ಬೇಡ. ಕೊಬ್ಬರಿ ಎಣ್ಣೆ ಒಣಗದೆ ಕಮಟುತ್ತದೆ. ತೆಳ್ಳಗೆ ಸವರಿ, ಮಿಕ್ಕಿದ್ದನ್ನು ಒರಸಿ, ವಾರಗಟ್ಟಲೆ ಒಣಗಲು ಬಿಡಬೇಕು. ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು.

ಎಣ್ಣೆ ಪಾಲಿಯುರಿಥೇನಿನಷ್ಟು ಗಟ್ಟಿಯಲ್ಲ, ಮತ್ತೆ ಮತ್ತೆ ಸವರಬೇಕು. ಆದರೆ ಸವೆದ ಕಡೆ ನಾವೇ ಸವರಬಹುದು. ದಿನವೂ ಕೈ ತಾಗುವ ಮಣೆಗೆ ಬಾಳಿಕೆ ಎಂದರೆ ಅದೇ. ನನ್ನ ಮಣೆಗೆ ಈಗ ಎರಡನೆಯ ಸಲ ಎಣ್ಣೆ ಹಾಕಿದ್ದೇನೆ; ನಯ ಬರಲು ಇನ್ನೊಂದು ತಲೆಮಾರು ಬೇಕಾದೀತು.