ಕೆಂಗಲ್ಲಿನ ಸೌಧ

ಆಸ್ಟಿನ್ ನಗರದಲ್ಲಿರುವ ಮಗನ ಮನೆಗೆ ಹೋದವರು ಟೆಕ್ಸಾಸ್ ರಾಜ್ಯದ ಶಾಸನಸಭಾ ಸೌಧವನ್ನು ನೋಡದೆ ಹಿಂದಿರುಗುವುದುಂಟೇ? ನಾನು ಒಲ್ಲೆನೆಂದರೂ ಸೊಸೆ ಬಿಡಲಿಲ್ಲ. “ಮಾವ, ಅಲ್ಲಿ ಟಿಕೆಟ್ಟಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು” ಎಂದಳು. ಬಿಟ್ಟಿಯೆಂದು ಕೇಳಿದೊಡನೆ ನನ್ನ ಮಂಡಿನೋವು ಎಲ್ಲಿ ಅಡಗಿತೋ ಕಾಣೆ!

ಸೌಧವು 1888ರಲ್ಲಿ ಪೂರ್ಣವಾದುದು. ಸಂಜೆಗೆಂಪಿನ ಗ್ರಾನೈಟು ಕಲ್ಲು. ಮುನ್ನೂರು ಅಡಿಗೂ ಮಿಗಿಲಾದ ಎತ್ತರ. ವಾಷಿಂಗ್ಟನ್ನಿನ ರಾಷ್ಟ್ರಸೌಧಕ್ಕಿಂತಲೂ ಇದೇ ಎತ್ತರವೆಂದು ಟೆಕ್ಸಾಸಿನವರಿಗೆ ಜಂಬ. ಗುಮ್ಮಟದ ಒಳನೆತ್ತಿಯಲ್ಲೊಂದು ನಕ್ಷತ್ರವಿದೆ. ಕೆಳಗೆ ನಿಂತವರಿಗೆ ಅದು ಅಂಗೈಯಗಲ, ಅಳೆದವರಿಗೆ 8 ಅಡಿ! ಕಟ್ಟಿಸುವಾಗ ಸರ್ಕಾರದ ಬಳಿ ಹಣಕ್ಕಿಂತ ನೆಲವೇ ಹೆಚ್ಚಾಗಿದ್ದುದರಿಂದ ಗುತ್ತಿಗೆದಾರರಿಗೆ 30 ಲಕ್ಷ ಎಕರೆ ಭೂಮಿಯನ್ನೇ ಕೊಟ್ಟಿತಂತೆ. ಕಲ್ಲಿಗಂತೂ ಕಾಸು ಖರ್ಚಿಲ್ಲ. ಬೆಟ್ಟದ ಒಡೆಯರು ಅದನ್ನು ದಾನವಾಗಿತ್ತರು.

“ಅಷ್ಟು ಕಲ್ಲನ್ನು ಒಡೆದವರಾರು?” ಎಂದು ನನ್ನಾಕೆ ಕೇಳಿದಳು.

“ಜೈಲಿನ ಕೈದಿಗಳಮ್ಮ” ಎಂದ ಮಗ. ಅವರ ದುಡಿಮೆಯ ಹಣ ಸಂದುದು ಸರ್ಕಾರಕ್ಕೆ. ಕೈದಿಗಳಿಂದ ಕಲ್ಲು ಒಡೆಸುವುದನ್ನು ಒಪ್ಪದ ಕಲ್ಲುಕುಟಿಗರ ಸಂಘ ಕೆಲಸವನ್ನೇ ಬಹಿಷ್ಕರಿಸಿದಾಗ, ಗುತ್ತಿಗೆದಾರರು 1886ರಲ್ಲಿ ಸ್ಕಾಟ್ಲೆಂಡಿನಿಂದ ಕುಶಲಿಗಳನ್ನು ಕರೆತಂದರು. ಅದೂ ಕಾನೂನಿಗೆ ವಿರುದ್ಧವಾಗಿ!

ನಮ್ಮ ವಿಧಾನಸೌಧವೂ ಕಲ್ಲಿನದೇ, ಅದಕ್ಕೂ ಕೈದಿಗಳು ದುಡಿದರು. ಅದನ್ನು ಕಟ್ಟಿಸಿದ ಹನುಮಂತಯ್ಯನವರ ಹೆಸರಿನಲ್ಲೇ ‘ಕೆಂಗಲ್’ ಇತ್ತೆಂದು ನಾನು ಚಟಾಕಿ ಹಾರಿಸಿದೆ. ಸೊಸೆ ನಕ್ಕಳು. ನನ್ನಾಕೆ ನಗಲಿಲ್ಲ.

1955ರಲ್ಲಿ ಅವಳಿಗೆ ಏಳು ವರ್ಷ. ತಂದೆಯ ಕೈಹಿಡಿದು ಆ ಕಟ್ಟಡದ ಕೆಲಸ ನೋಡಲು ಹೋಗಿದ್ದಳಂತೆ. ಕಲ್ಲು ಕೆತ್ತುತ್ತಿದ್ದ ಕೈದಿಯೊಬ್ಬ ಇವಳನ್ನು ಕಂಡು ಉಳಿಯನ್ನು ಕೆಳಗಿಟ್ಟು, “ನನ್ನ ಮಗಳೂ ಇಷ್ಟೇ ಇದ್ದಾಳೆ, ತಾಯಿ” ಎಂದನಂತೆ. ಕಾವಲುಗಾರ ಗದರಿಸಿದ, ಆತ ಮತ್ತೆ ಉಳಿ ಹಿಡಿದ. ಐವತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ಸೌಧ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಿದರೆಂದು ಹೇಳುವುದುಂಟು” ಎಂದೆ.

“ಮನೆ ಸೇರುವ ಹೊತ್ತಿಗೆ ಆ ಮಗಳು ಎಷ್ಟು ಬೆಳೆದಿದ್ದಳೋ” ಎಂದಳು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಮಗ ಫೋಟೋ ತೆಗೆಯಲು ಕೂಗಿದ. “ಇರೋ, ಬಂದೆ” ಎಂದವಳು ಆ ಕೆಂಗಲ್ಲಿನ ಗೋಡೆಯ ಮೇಲೆ ಕೈಯಾಡಿಸುತ್ತ ಅಲ್ಲಿಯೇ ನಿಂತಿದ್ದಳು.